ಹದಿನಾಲ್ಕು ಮಂದಿಯ ನಿಕೊಡೆಮಸ್

ಅಮೆರಿಕದ ಕಾನ್ಸಾಸ್ ರಾಜ್ಯದ ಪಶ್ಚಿಮ ಭಾಗದಲ್ಲಿ 24ನೇ ನಂಬರಿನ ಹೆದ್ದಾರಿ ಹಿಡಿದು ಹೊರಟವರಿಗೆ ತಾಸುಗಟ್ಟಲೆ ಕಾಣುವುದು ಹೊಲ ಮತ್ತು ಆಕಾಶ, ಎರಡೇ. ಜೂನ್ ಆಗಿದ್ದರೆ ಕೊಯ್ಲಿಗೆ ಬಂದ ಗೋಧಿ, ಸೆಪ್ಟೆಂಬರ್ ಆಗಿದ್ದರೆ ತೆನೆ ಕೆಂಪಗೆ ತಿರುಗಿದ ಜೋಳ. ಗಾಳಿ ಬೀಸುತ್ತಲೇ ಇರುತ್ತದೆ. ಅಷ್ಟು ದೂರಕ್ಕೊಮ್ಮೆ ಧಾನ್ಯ ತುಂಬಿಡುವ ಎತ್ತರದ ಬಿಳಿ ಗೋಪುರವೊಂದು ಕಾಣಿಸುತ್ತದೆ. ಅದು ಕಂಡಿತೆಂದರೆ ಅದರ ಬುಡದಲ್ಲಿ ರೈಲು ಹಳಿಯಿದೆ, ಹಳಿಯ ಪಕ್ಕ ಊರಿದೆ ಎಂದು ತಿಳಿಯಬೇಕು.

ಸ್ಟಾಕ್ಟನ್ ಪಟ್ಟಣ ದಾಟಿ ಪಶ್ಚಿಮಕ್ಕೆ ಮೂವತ್ತು ಕಿಲೋಮೀಟರಿನಷ್ಟು ಹೋದರೆ ಸಿಗುವ ಊರಿಗೆ ಆ ಗೋಪುರವಿಲ್ಲ. ಸುಣ್ಣಕಲ್ಲಿನ ಒಂದು ಸಭಾಭವನ, ಎರಡು ಹಳೆಯ ಚರ್ಚು, ಮಕ್ಕಳಿಲ್ಲದ ಶಾಲೆ, ಒಂದು ಕಾಲಕ್ಕೆ ಹೋಟೆಲಾಗಿದ್ದ ಮನೆ, ಅಲ್ಲೊಂದು ಇಲ್ಲೊಂದು ವಾಸದ ಮನೆ. ಕಾರಿನ ವೇಗ ತಗ್ಗಿಸದಿದ್ದರೆ ಊರು ದಾಟಿದ್ದೂ ಗೊತ್ತಾಗುವುದಿಲ್ಲ. 2020ರ ಜನಗಣತಿಯಲ್ಲಿ ಇಲ್ಲಿ ಸಿಕ್ಕಿದ್ದು 14 ಜನ.

ಈ ಊರಿನ ಹೆಸರು ನಿಕೊಡೆಮಸ್. ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪು ಜನ 1877ರಲ್ಲಿ ಕಟ್ಟಿಕೊಂಡ ಊರು ಇದು. ಅಂತರ್ಯುದ್ಧದ ನಂತರದ ಆ ಕಾಲದಲ್ಲಿ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಕಪ್ಪು ಜನ ನೆಲೆಯೂರಿದ ಊರುಗಳಲ್ಲಿ ಇಂದಿಗೂ ಉಳಿದಿರುವುದು ಇದೊಂದೇ. ಆದರೆ ಕಾನೂನಿನ ಲೆಕ್ಕದಲ್ಲಿ ಇದು ಪಟ್ಟಣವಲ್ಲ. ಮೇಯರ್ ಇಲ್ಲ, ಕೌನ್ಸಿಲ್ ಇಲ್ಲ, ಊರಿನ ಗಡಿ ಇಲ್ಲಿಂದ ಇಲ್ಲಿಯವರೆಗೆ ಎಂದು ಹೇಳುವ ಸರ್ಕಾರಿ ಗೆರೆಯೂ ಇಲ್ಲ.

ಊರಿದೆ, ಪುರಸಭೆಯಿಲ್ಲ

ಅಮೆರಿಕದಲ್ಲಿ ಇಂಥ ಊರುಗಳಿಗೆ ಅನ್‌ಇನ್‌ಕಾರ್ಪೊರೇಟೆಡ್ ಕಮ್ಯುನಿಟಿ ಎನ್ನುತ್ತಾರೆ. ದೇಶದ ಉದ್ದಗಲಕ್ಕೂ ಇಂಥವು ಸಾವಿರಾರಿವೆ. ಅಲ್ಲಿ ಒಂದು ಜಾಗ ಸಿಟಿ ಅನಿಸಿಕೊಳ್ಳಬೇಕಾದರೆ ನಿವಾಸಿಗಳು ಕೇಳಿಕೊಂಡು ಕಾನೂನಿನ ಪ್ರಕಾರ ನಗರಾಡಳಿತ ಸ್ಥಾಪಿಸಿಕೊಳ್ಳಬೇಕು. ಹಾಗಾದ ಮೇಲೆ ಚುನಾಯಿತ ಮೇಯರ್ ಬರುತ್ತಾರೆ, ಊರು ತನ್ನದೇ ತೆರಿಗೆ ಹಾಕಬಹುದು, ತನ್ನದೇ ನಿಯಮ ಮಾಡಿಕೊಳ್ಳಬಹುದು. ಜನಸಂಖ್ಯೆ ದೊಡ್ಡದಿರಲೇಬೇಕೆಂದೇನೂ ಇಲ್ಲ. ನಿಕೊಡೆಮಸ್‌ನ ನೆರೆಯ ಬೋಗ್ ಎಂಬ ಊರಿನಲ್ಲಿರುವುದು ನೂರೈವತ್ತು ಚಿಲ್ಲರೆ ಜನ. ಆದರೂ ಕಾನ್ಸಾಸ್ ಕಾನೂನಿನ ದೃಷ್ಟಿಯಲ್ಲಿ ಅದು ಸಿಟಿ.

ಹಾಗೆ ಮಾಡಿಕೊಳ್ಳದ ಊರುಗಳ ಕೆಲಸವೆಲ್ಲ ಕೌಂಟಿಯ ಕೈಯಲ್ಲಿರುತ್ತದೆ. ಕೌಂಟಿ ಎಂದರೆ ಹೆಚ್ಚುಕಮ್ಮಿ ನಮ್ಮ ತಾಲ್ಲೂಕಿನ ಹಾಗೆ, ಆದರೆ ಚುನಾಯಿತರು ನಡೆಸುವಂಥದ್ದು. ನಿಕೊಡೆಮಸ್ ಇರುವುದು ಗ್ರಹಾಂ ಕೌಂಟಿಯಲ್ಲಿ. ಅದರ ಕೇಂದ್ರ ಹಿಲ್ ಸಿಟಿ, ಪಶ್ಚಿಮಕ್ಕೆ ಇಪ್ಪತ್ತು ಕಿಲೋಮೀಟರ್ ದೂರ. ಜಮೀನಿನ ಪತ್ರ ನೋಂದಣಿಯಾಗುವುದು ಅಲ್ಲಿ, ತೆರಿಗೆ ಕಟ್ಟುವುದು ಅಲ್ಲಿ, ಕಳ್ಳತನವಾದರೆ ಬರುವ ಶೆರಿಫ್ ಅಲ್ಲಿನವರು. ಕೌಂಟಿಯ ಕೆಳಗೆ ಟೌನ್‌ಶಿಪ್ ಎಂಬ ಇನ್ನೊಂದು ಪುಟ್ಟ ಘಟಕವಿದೆ. ಅದಕ್ಕೊಬ್ಬ ಟ್ರಸ್ಟಿ, ಒಬ್ಬ ಗುಮಾಸ್ತ, ಒಬ್ಬ ಖಜಾಂಚಿ. ನಿಕೊಡೆಮಸ್ ಎನ್ನುವುದು ಊರಿನ ಹೆಸರೂ ಹೌದು, ಸುತ್ತಲಿನ ಟೌನ್‌ಶಿಪ್ಪಿನ ಹೆಸರೂ ಹೌದು.

ಕರ್ನಾಟಕದಲ್ಲಿ ಎಷ್ಟೋ ತಾಂಡಾ, ಹಟ್ಟಿ, ಹಾಡಿಗಳು ಕಂದಾಯ ಗ್ರಾಮವೆಂಬ ದಾಖಲೆಯಿಲ್ಲದೆ ದಶಕಗಟ್ಟಲೆ ಬದುಕಿದ್ದನ್ನು ಬಲ್ಲವರಿಗೆ ಈ ಸ್ಥಿತಿ ತೀರ ಅಪರಿಚಿತವೇನಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮ ತಾಂಡಾಗಳ ಸಂಕಟ ಮನೆಯಡಿಯ ನೆಲಕ್ಕೆ ಹಕ್ಕುಪತ್ರವೇ ಇಲ್ಲದ್ದು. ನಿಕೊಡೆಮಸ್‌ನ ಜನ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಬಂದದ್ದೇ ಹಕ್ಕುಪತ್ರಕ್ಕಾಗಿ. ಅದು ಅವರಿಗೆ ಸಿಕ್ಕಿತು ಕೂಡ. ಊರಾಡಳಿತ ಬರಲಿಲ್ಲ, ನೆಲ ಕೈಗೆ ಬಂತು. ಆ ನೆಲವನ್ನು ಅವರು ಹೇಗೆ ಹಿಡಿದುಕೊಂಡರು, ಎಷ್ಟು ಕಳೆದುಕೊಂಡರು ಎಂಬುದೇ ಈ ಊರಿನ ಚರಿತ್ರೆ.

ಮಳೆಯ ಅಂಚಿನ ನೆಲ

ಭೂಪಟದಲ್ಲಿ ನಿಕೊಡೆಮಸ್ ಇರುವ ಜಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಮೆರಿಕದ ನಡುವೆ ಉತ್ತರದಿಂದ ದಕ್ಷಿಣಕ್ಕೆ ಎಳೆದಂತಿರುವ 100 ಡಿಗ್ರಿ ಪಶ್ಚಿಮ ರೇಖಾಂಶ ಈ ಊರಿನಿಂದ ಸುಮಾರು ಮೂವತ್ತು ಕಿಲೋಮೀಟರ್ ಪಶ್ಚಿಮಕ್ಕಿದೆ. ಆ ಗೆರೆಯ ಪೂರ್ವಕ್ಕೆ ಮಳೆ ನಂಬಿ ಬಿತ್ತಬಹುದು, ಪಶ್ಚಿಮಕ್ಕೆ ನಂಬುವಂತಿಲ್ಲ ಎಂಬುದು ಹಳೆಯ ಅಂದಾಜು. ವರ್ಷಕ್ಕೆ 500 ಮಿಲಿಮೀಟರ್ ಮಳೆಯ ಗೆರೆ ಹೆಚ್ಚುಕಡಿಮೆ ಅಲ್ಲೇ ಹಾಯುತ್ತದೆ. ಅಂದರೆ ನಿಕೊಡೆಮಸ್ ಕೂತಿರುವುದು ಬೆಳೆ ಕೈಹತ್ತುವುದಕ್ಕೂ ಕೈಕೊಡುವುದಕ್ಕೂ ನಡುವಿನ ಅಂಚಿನಲ್ಲಿ. ಒಳ್ಳೆಯ ವರ್ಷಗಳು ಸಾಲಾಗಿ ಬಂದರೆ ಜನ ಬರುತ್ತಾರೆ, ಬರಗಾಲ ಸಾಲಾಗಿ ಬಂದರೆ ಹೋಗುತ್ತಾರೆ.

ಊರಿನ ದಕ್ಷಿಣಕ್ಕೆ ಸಾಲೊಮನ್ ನದಿಯ ದಕ್ಷಿಣ ಕವಲು ಹರಿಯುತ್ತದೆ. ನದಿ ಎಂದರೂ ಬೇಸಿಗೆಯಲ್ಲಿ ಸಣ್ಣ ಹಳ್ಳ. ಇಡೀ ಸೀಮೆಯಲ್ಲಿ ಮರಗಳಿದ್ದದ್ದು ಆ ದಂಡೆಯುದ್ದಕ್ಕೆ ಮಾತ್ರ, ಉಳಿದದ್ದೆಲ್ಲ ಹುಲ್ಲುಗಾವಲು. ಹುಲ್ಲಿನ ಬೇರು ಎಷ್ಟು ಒತ್ತಾಗಿ ಹೆಣೆದುಕೊಂಡಿತ್ತೆಂದರೆ ಮೊದಲ ಸಲ ಉಳುವಾಗ ಮಣ್ಣು ಪುಡಿಯಾಗದೆ ಹಾಳೆಹಾಳೆಯಾಗಿ ಏಳುತ್ತಿತ್ತು.

ಈ ಬಯಲು ಖಾಲಿ ಬಿದ್ದಿತ್ತು ಎಂದುಕೊಳ್ಳಬಾರದು. ಚೆಯೆನ್, ಪಾನಿ, ಕಾನ್ಸಾ ಮುಂತಾದ ಮೂಲನಿವಾಸಿ ಜನಾಂಗಗಳು ಕಾಡೆಮ್ಮೆಯ ಹಿಂಡುಗಳ ಹಿಂದೆ ಅಲೆಯುತ್ತಿದ್ದ ಬೇಟೆಯ ನೆಲ ಇದು. ಒಪ್ಪಂದಗಳ ಹೆಸರಿನಲ್ಲಿ, ಸೈನ್ಯದ ಬಲದಲ್ಲಿ ಅವರನ್ನು ಎಬ್ಬಿಸಿದ ಮೇಲೆಯೇ ಸರ್ಕಾರ ಇದನ್ನು ಹಂಚಲು ಮುಂದಾಯಿತು. ಒಬ್ಬರಿಗೆ ಸಿಕ್ಕ ನ್ಯಾಯದಡಿಯಲ್ಲಿ ಇನ್ನೊಬ್ಬರಿಗಾದ ಅನ್ಯಾಯವೂ ಇತ್ತು. ನಿಕೊಡೆಮಸ್‌ನ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ.

ಹಂಚಿಕೆಗೆ ಮೊದಲು ಅಳತೆ ನಡೆಯಿತು. 1785ರಿಂದ ಅಮೆರಿಕ ಬಳಸಿಕೊಂಡು ಬಂದ ಅಳತೆಯ ಕ್ರಮದಲ್ಲಿ ಇಡೀ ಬಯಲನ್ನು ಚೌಕಾಬಾರದ ಮನೆಗಳಂತೆ ಗೆರೆ ಕೊಯ್ದು ಇಟ್ಟರು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕವೊಂದು ಟೌನ್‌ಶಿಪ್. ಅದರೊಳಗೆ ಒಂದೊಂದು ಚದರ ಮೈಲಿಯ 36 ಸೆಕ್ಷನ್. ಒಂದು ಸೆಕ್ಷನ್ ಎಂದರೆ 640 ಎಕರೆ, ಅದರ ಕಾಲುಭಾಗ 160 ಎಕರೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಒಂದು ಕುಟುಂಬಕ್ಕೆ ಕೊಟ್ಟದ್ದು ಈ ಕಾಲುಭಾಗವನ್ನೇ. ಸಣ್ಣ ಶುಲ್ಕ ಕಟ್ಟಬೇಕು, ಐದು ವರ್ಷ ಅಲ್ಲೇ ವಾಸವಿರಬೇಕು, ಉತ್ತು ಬಿತ್ತಿ ತೋರಿಸಬೇಕು. ಆಮೇಲೆ ಜಮೀನು ಸ್ವಂತಕ್ಕೆ. ಚರ್ಮದ ಬಣ್ಣದ ಷರತ್ತು ಇರಲಿಲ್ಲ.

ಕೆಂಟಕಿಯಿಂದ ಹೊರಟವರು

ನಿಕೊಡೆಮಸ್‌ಗೆ ಬಂದವರಲ್ಲಿ ಹೆಚ್ಚಿನವರು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಮತ್ತು ಜಾರ್ಜ್‌ಟೌನ್ ಸುತ್ತಮುತ್ತಲಿನವರು. ಅಧ್ಯಕ್ಷ ಲಿಂಕನ್ 1863ರಲ್ಲಿ ಹೊರಡಿಸಿದ ವಿಮೋಚನಾ ಘೋಷಣೆ ಕೆಂಟಕಿಗೆ ಅನ್ವಯವಾಗಿರಲಿಲ್ಲ, ಏಕೆಂದರೆ ಆ ರಾಜ್ಯ ಒಕ್ಕೂಟ ಬಿಟ್ಟು ಹೋಗಿರಲಿಲ್ಲ. ಅಲ್ಲಿನ ಗುಲಾಮರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1865ರ ಡಿಸೆಂಬರ್‌ನಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ.

ಬಿಡುಗಡೆಯೇನೋ ಆಯಿತು, ಹೊಟ್ಟೆಗೆ? ಜಮೀನು ಹಳೆಯ ಒಡೆಯರ ಬಳಿಯೇ ಉಳಿಯಿತು. ನಿನ್ನೆಯವರೆಗೆ ಗುಲಾಮರಾಗಿದ್ದವರು ಇಂದು ಅದೇ ಹೊಲದಲ್ಲಿ ಪಾಲಿಗೆ ದುಡಿಯುವವರಾದರು. ಬೀಜ, ದವಸ, ಬಟ್ಟೆ ಎಲ್ಲವೂ ಒಡೆಯನ ಸಾಲದ ಪುಸ್ತಕದಿಂದ. ಸುಗ್ಗಿ ಮುಗಿದಾಗ ಸಾಲ ಉಳಿಯುತ್ತಿತ್ತು, ಬೆಳೆ ಉಳಿಯುತ್ತಿರಲಿಲ್ಲ. ಜೊತೆಗೆ ರಾತ್ರಿ ಮುಸುಕು ಹಾಕಿ ಬಂದು ಹೊಡೆಯುವವರ, ಕೊಲ್ಲುವವರ ಭಯ. 1877ರಲ್ಲಿ ಕೇಂದ್ರ ಸರ್ಕಾರ ದಕ್ಷಿಣದ ರಾಜಧಾನಿಗಳಲ್ಲಿ ಉಳಿದಿದ್ದ ಕೊನೆಯ ಸೈನಿಕರನ್ನೂ ಹಿಂದಕ್ಕೆ ಕರೆಸಿಕೊಂಡಿತು. ಇನ್ನು ಕಾಯುವವರಿಲ್ಲ ಎಂಬುದು ಕಪ್ಪು ಜನರಿಗೆ ಖಚಿತವಾಯಿತು.

ಕಾನ್ಸಾಸ್ ಎಂಬ ಹೆಸರಿಗೆ ಅವರಲ್ಲಿ ಒಂದು ತೂಕವಿತ್ತು. 1861ರಲ್ಲಿ ಒಕ್ಕೂಟ ಸೇರುವಾಗಲೇ ಗುಲಾಮಗಿರಿಯನ್ನು ನಿಷೇಧಿಸಿದ್ದ ರಾಜ್ಯ ಅದು. ಗುಲಾಮಗಿರಿಯ ವಿರುದ್ಧ ಬಂದೂಕು ಹಿಡಿದ ಜಾನ್ ಬ್ರೌನ್ ಹೋರಾಡಿದ ನೆಲ. ಟೆನೆಸ್ಸಿಯ ಬೆಂಜಮಿನ್ ಸಿಂಗಲ್ಟನ್‌ನಂಥವರು ಆಗಲೇ ಊರೂರು ತಿರುಗಿ ಕಾನ್ಸಾಸ್‌ಗೆ ಹೋಗೋಣ ಎನ್ನುತ್ತಿದ್ದರು.

1877ರ ಏಪ್ರಿಲ್‌ನಲ್ಲಿ ನಿಕೊಡೆಮಸ್ ಟೌನ್ ಕಂಪನಿ ಶುರುವಾಯಿತು. ಅದರ ಅಧ್ಯಕ್ಷ ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ವ್ಯಕ್ತಿ. ಸೈಮನ್ ರೌಂಡ್‌ಟ್ರೀ ಎಂಬ ಪಾದ್ರಿ, ಝಡ್. ಟಿ. ಫ್ಲೆಚರ್ ಮೊದಲಾದವರು ಜೊತೆಗಿದ್ದರು. ಕಂಪನಿಯಲ್ಲಿದ್ದ ಒಬ್ಬನೇ ಬಿಳಿಯ ಇಂಡಿಯಾನಾದಿಂದ ಬಂದ ಡಬ್ಲ್ಯು. ಆರ್. ಹಿಲ್, ಜಮೀನು ವ್ಯವಹಾರದಲ್ಲಿ ಪಳಗಿದವನು. ಹಿಲ್ ಕೆಂಟಕಿಯ ಚರ್ಚುಗಳಿಗೆ ಹೋಗಿ ಕಾನ್ಸಾಸ್ ಸೀಮೆಯ ಫಲವತ್ತತೆಯನ್ನು ಬಾಯ್ತುಂಬ ಹೊಗಳಿದ. ಐದು ಡಾಲರ್ ಕಟ್ಟಿ ಹೆಸರು ಬರೆಸಿ ಎಂಬ ಕರಪತ್ರಗಳು ಕೈಯಿಂದ ಕೈಗೆ ಹೋದವು. ಇದೇ ಹಿಲ್ ಮುಂದೆ ಹಿಲ್ ಸಿಟಿಯನ್ನೂ ಹುಟ್ಟುಹಾಕಿದ. ಆ ಊರಿಗೆ ಅವನದೇ ಹೆಸರು.

ನೆಲದೊಳಗಿನ ಮನೆ

ಸೆಪ್ಟೆಂಬರ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ರೈಲಿನಲ್ಲಿ ಎಲ್ಲಿಸ್ ಎಂಬ ನಿಲ್ದಾಣಕ್ಕೆ ಬಂದಿಳಿದರು. ಅಲ್ಲಿಂದ ಊರಿನ ಕಡೆಗೆ ಹಳಿ ಇರಲಿಲ್ಲ. ಅಲ್ಲಿಂದ ಉತ್ತರಕ್ಕೆ ಐವತ್ತು ಕಿಲೋಮೀಟರಿಗೂ ಮಿಕ್ಕ ದೂರವನ್ನು ಮಕ್ಕಳು ಮರಿ, ಗಂಟುಮೂಟೆಯೊಂದಿಗೆ ನಡೆದೇ ಕ್ರಮಿಸಿದರು. ದಾರಿಯೆಂಬುದು ಇರಲಿಲ್ಲ.

ತಲುಪಿದ ಮೇಲೆ ನೋಡಿದರೆ ಊರೂ ಇರಲಿಲ್ಲ. ಕರಪತ್ರ ಓದಿ ಬೀದಿ, ಮನೆ, ಮರ ಎಂದು ಕಲ್ಪಿಸಿಕೊಂಡು ಬಂದವರ ಮುಂದೆ ಇದ್ದದ್ದು ಬರೀ ಹುಲ್ಲು. ಸಿಟ್ಟು ಹಿಲ್ ಮೇಲೆ ತಿರುಗಿತು. ಹಲವು ಕುಟುಂಬಗಳು ಬಂದ ದಾರಿಯಲ್ಲೇ ವಾಪಸಾದವು. ಉಳಿದವರ ಪೈಕಿ ಎಷ್ಟೋ ಜನಕ್ಕೆ ವಾಪಸಾಗಲು ದುಡ್ಡೇ ಇರಲಿಲ್ಲ.

ಮನೆ ಕಟ್ಟಲು ಮರವಿಲ್ಲದ ಕಡೆ ಏನು ಮಾಡುವುದು? ನೆಲ ತೋಡುವುದು. ದಿಣ್ಣೆಯ ಓರೆಯನ್ನು ನೋಡಿಕೊಂಡು ಗುದ್ದಲಿ, ಸಲಿಕೆಯಿಂದ ಒಳಕ್ಕೆ ಕೊರೆಯುತ್ತಿದ್ದರು. ಮೂರು ಕಡೆಯ ಗೋಡೆ ಮಣ್ಣಿನ ದಿಣ್ಣೆಯೇ. ಮುಂಭಾಗದಲ್ಲಿ ಹುಲ್ಲುಬೇರಿನ ಮಣ್ಣುಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿ ಬಾಗಿಲಿಗೆ ಜಾಗ ಬಿಡುವುದು. ನದಿದಂಡೆಯಿಂದ ತಂದ ಗಳು ಅಡ್ಡ ಹಾಸಿ, ಮೇಲೆ ಪೊದೆಕಡ್ಡಿ ಹರವಿ, ಅದರ ಮೇಲೆ ಮತ್ತೆ ಮಣ್ಣುಹಾಳೆ ಮುಚ್ಚಿದರೆ ಸೂರು. ಒಂದು ಮೂಲೆಯಲ್ಲಿ ಒಲೆ, ಮೇಲಕ್ಕೆ ಹೊಗೆಕೊಳವೆ. ಉರುವಲಿಗೆ ಒಣಗಿದ ಸೂರ್ಯಕಾಂತಿ ದಂಟು, ಕಾಡೆಮ್ಮೆಯ ಬೆರಣಿ. ಮಳೆ ಬಂದರೆ ಸೂರಿನಿಂದ ಕೆಸರು ಸುರಿಯುತ್ತಿತ್ತು, ಆದರೆ ಚಳಿಗಾಲದಲ್ಲಿ ಬಯಲಿನ ಗಾಳಿಗಿಂತ ನೆಲದ ಹೊಟ್ಟೆ ಬೆಚ್ಚಗಿರುತ್ತಿತ್ತು.

ಎಮ್ಮಾ ವಿಲಿಯಮ್ಸ್ ಎಂಬಾಕೆ ಆ ಶರತ್ಕಾಲದಲ್ಲಿ ಹೆತ್ತದ್ದು ಇಂಥದ್ದೇ ತೋಡುಮನೆಯಲ್ಲಿ. ಹೆನ್ರಿ ಎಂದು ಹೆಸರಿಟ್ಟ ಆ ಮಗು ಹೊಸ ಊರಿನ ಮೊದಲ ಕೂಸು.

ಮರುವರ್ಷದ ವಸಂತದಲ್ಲಿ ಜಾರ್ಜ್‌ಟೌನ್‌ನಿಂದ ಇನ್ನೊಂದು ಗುಂಪು ಬಂತು. ಪಾದ್ರಿ ಡೇನಿಯಲ್ ಹಿಕ್ಮನ್ ಅದರ ಮುಂದಾಳು. ಆತನ ಹೆಂಡತಿ ವಿಲಿಯಾನಾ ಮುದುಕಿಯಾದ ಮೇಲೆ ಹೇಳಿದ ನೆನಪು ಇಂದಿಗೂ ಉಳಿದಿದೆ. ದಿನಗಟ್ಟಲೆ ಪ್ರಯಾಣ ಮಾಡಿ ಕಂಗೆಟ್ಟಿದ್ದಾಗ ಯಾರೋ ನಿಕೊಡೆಮಸ್ ಬಂತೆಂದು ಕೂಗಿದರಂತೆ. ಆಕೆ ಎಷ್ಟು ಕಣ್ಣರಳಿಸಿ ನೋಡಿದರೂ ಊರು ಕಾಣಲಿಲ್ಲ. ಗಂಡ ಬೆರಳು ತೋರಿದ ಕಡೆ ನೆಲದೊಳಗಿಂದ ಹೊಗೆ ಏಳುತ್ತಿತ್ತು. ಜನ ಬಿಲದೊಳಗೆ ವಾಸವಾಗಿದ್ದಾರೆಂದು ತಿಳಿದು ಆಕೆ ಅಲ್ಲೇ ಅತ್ತುಬಿಟ್ಟಳು. ಅಷ್ಟಾದರೂ ಆ ದಂಪತಿ ಹಿಂದಿರುಗಲಿಲ್ಲ. ಅಲ್ಲೇ ನೆಲೆನಿಂತರು, ಡೇನಿಯಲ್ ಚರ್ಚು ಕಟ್ಟಿದ.

ಮೊದಲ ಚಳಿಗಾಲ ದಾಟಿಸಿದ್ದು ಇತರರ ಕೈಗುಣ. ಪೂರ್ವ ಕಾನ್ಸಾಸ್‌ನ ಪಟ್ಟಣಗಳಿಗೆ ಹೋಗಿ ಕೆಲವರು ದವಸಧಾನ್ಯ ಬೇಡಿ ತಂದರು. ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜ್ ಜನ ತಮ್ಮ ಪಾಲಿನ ಮಾಂಸ ಕೊಟ್ಟು ಹೋದರೆಂದು ಊರಿನವರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ವಸಂತ ಬಂದಾಗ ಉಳುವುದಕ್ಕೆ ಕುದುರೆ ಎತ್ತುಗಳು ಊರಿಗೆಲ್ಲ ಬೆರಳೆಣಿಕೆಯಷ್ಟು. ಎಷ್ಟೋ ಜನ ಸಲಿಕೆಯಲ್ಲೇ ಹುಲ್ಲುನೆಲ ಕೆತ್ತಿ ಬಿತ್ತಿದರು.

ಹತ್ತು ವರ್ಷದ ಏಳಿಗೆ

ಮುಂದಿನ ಹತ್ತು ವರ್ಷದಲ್ಲಿ ಆದದ್ದನ್ನು ಓದುವಾಗ ಮನಸ್ಸು ತುಂಬಿ ಬರುತ್ತದೆ. ಫ್ಲೆಚರ್ ಮೊದಲ ಅಂಚೆ ಮಾಸ್ತರನಾದ. ಅವನ ಹೆಂಡತಿ ಜೆನ್ನಿ ತೋಡುಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದಳು. ದಕ್ಷಿಣದಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದನ್ನು ಅಪರಾಧವೆಂದು ಕಾನೂನು ಮಾಡಿದ್ದ ರಾಜ್ಯಗಳಿದ್ದವು. ಬಿಡುಗಡೆಯಾದ ಜನ ಸೂರು ಸರಿಯಾಗುವ ಮೊದಲೇ ಶಾಲೆ ತೆರೆದರು. ಇದೇ ದಂಪತಿ ಸೇಂಟ್ ಫ್ರಾನ್ಸಿಸ್ ಹೋಟೆಲನ್ನೂ ನಡೆಸಿದರು.

1880ರ ದಶಕದ ನಡುವಿಗೆ ಬರುವಷ್ಟರಲ್ಲಿ ತೋಡುಮನೆಗಳ ಜಾಗದಲ್ಲಿ ಸುಣ್ಣಕಲ್ಲಿನ ಕಟ್ಟಡಗಳು ಎದ್ದಿದ್ದವು. ಅಂಗಡಿ, ಹೋಟೆಲು, ಬ್ಯಾಂಕು, ಚರ್ಚು, ಸಾಹಿತ್ಯ ಸಂಘ, ಬೇಸ್‌ಬಾಲ್ ತಂಡ. 1886ರಲ್ಲಿ 'ವೆಸ್ಟರ್ನ್ ಸೈಕ್ಲೋನ್', ಮರುವರ್ಷ 'ನಿಕೊಡೆಮಸ್ ಎಂಟರ್‌ಪ್ರೈಸ್': ಅಷ್ಟು ಸಣ್ಣ ಊರಿಗೆ ಎರಡು ಪತ್ರಿಕೆ. ಬಿಳಿಯ ವ್ಯಾಪಾರಿಗಳೂ ಬಂದು ಅಂಗಡಿ ಹಾಕಿದ್ದರು.

ರಾಜಕೀಯದಲ್ಲೂ ಊರು ಹಿಂದೆ ಬೀಳಲಿಲ್ಲ. 1878ರಲ್ಲಿ ಇಲ್ಲಿಗೆ ಬಂದ ಎಡ್ವರ್ಡ್ ಮೆಕೇಬ್ ಎಂಬ ಓದಿಕೊಂಡ ಯುವಕ ಗ್ರಹಾಂ ಕೌಂಟಿಯ ಕ್ಲಾರ್ಕ್ ಆದ. 1882ರಲ್ಲಿ ಇಡೀ ಕಾನ್ಸಾಸ್ ರಾಜ್ಯದ ಲೆಕ್ಕಪರಿಶೋಧಕನ ಹುದ್ದೆಗೆ ನಿಂತು ಗೆದ್ದ, ಎರಡು ವರ್ಷದ ಬಳಿಕ ಮತ್ತೆ ಗೆದ್ದ. ಆ ರಾಜ್ಯದ ಮತದಾರರಲ್ಲಿ ಬಹುಪಾಲು ಬಿಳಿಯರು. ಗುಲಾಮಗಿರಿ ಅಳಿದು ಇಪ್ಪತ್ತು ವರ್ಷವೂ ಆಗಿರದ ಹೊತ್ತಿನಲ್ಲಿ ಅವರು ತಮ್ಮ ರಾಜ್ಯದ ಲೆಕ್ಕಪತ್ರವನ್ನು ಒಬ್ಬ ಕಪ್ಪು ವ್ಯಕ್ತಿಯ ಕೈಗೊಪ್ಪಿಸಿದರು. ಮೆಕೇಬ್ ಆಮೇಲೆ ಓಕ್ಲಹೋಮಾಕ್ಕೆ ಹೋಗಿ ಲ್ಯಾಂಗ್‌ಸ್ಟನ್ ಎಂಬ ಇನ್ನೊಂದು ಊರು ಕಟ್ಟಿದ.

ಹಳಿ ಹಾಯ್ದ ದಾರಿ

ಇಷ್ಟೆಲ್ಲ ಇದ್ದರೂ ಊರಿಗೆ ಒಂದು ಕೊರತೆಯಿತ್ತು. ಗೋಧಿ ಬೆಳೆದರೆ ಮಾರಲು ಗಾಡಿ ಕಟ್ಟಿಕೊಂಡು ದೂರದ ರೈಲು ನಿಲ್ದಾಣಕ್ಕೆ ಹೋಗಬೇಕು. ಹೋಗಿಬರಲು ದಿನಗಳೇ ಬೇಕು. ದರ ಬಿದ್ದ ವರ್ಷ ಸಾಗಾಟದ ಖರ್ಚೂ ಹುಟ್ಟುವುದಿಲ್ಲ. ಕಲ್ಲಿದ್ದಲು, ಹಲಗೆ, ಉಪ್ಪು, ಮೊಳೆ ತರುವಾಗಲೂ ಅದೇ ಪಾಡು. ಆ ಕಾಲದ ಬಯಲುಸೀಮೆಯಲ್ಲಿ ರೈಲು ಬಂದ ಊರು ಬದುಕುತ್ತಿತ್ತು, ಬಾರದ ಊರು ಸೊರಗುತ್ತಿತ್ತು. ರೈಲು ಕಂಪನಿಗಳಿಗೂ ಇದು ಗೊತ್ತಿತ್ತು. ನಮ್ಮ ಹಳಿ ಬೇಕಾದರೆ ಹಣ ಕೊಡಿ ಎಂದು ಊರೂರುಗಳನ್ನು ಪೈಪೋಟಿಗೆ ಬಿಡುತ್ತಿದ್ದವು.

1887ರಲ್ಲಿ ನಿಕೊಡೆಮಸ್ ಟೌನ್‌ಶಿಪ್ಪಿನ ಜನ ಮಿಸೌರಿ ಪೆಸಿಫಿಕ್ ಕಂಪನಿಯನ್ನು ಕರೆಸಿಕೊಳ್ಳಲು 16,000 ಡಾಲರಿನ ಬಾಂಡ್‌ಗಳಿಗೆ ಮತ ಹಾಕಿದರು. ಹತ್ತು ವರ್ಷದ ಹಿಂದೆ ಬಿಲದಲ್ಲಿ ಮಲಗಿದ್ದವರು ಮುಂದಿನ ತೆರಿಗೆಯನ್ನೆಲ್ಲ ಒತ್ತೆಯಿಟ್ಟು ಹಾಕಿದ ಮತ ಅದು. ಕಂಪನಿ ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಈ ಸೀಮೆಗೆ ಹಳಿ ಹಾಕಿತು, ಆದರೆ ನದಿಯ ಆಚೆ ದಂಡೆಯಲ್ಲಿ. ನಿಲ್ದಾಣ ಬಂದದ್ದು ಊರಿನಿಂದ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ. ಅದೇ ಬೋಗ್.

ವ್ಯಾಪಾರಿಗಳು ಕಾಯಲಿಲ್ಲ. ಅಂಗಡಿಗಳನ್ನು ಬಿಚ್ಚಿ, ಕೆಲವನ್ನು ಇದ್ದ ಹಾಗೆಯೇ ಎಳೆಸಿ, ನದಿ ದಾಟಿಸಿ ಹಳಿಯ ಪಕ್ಕ ನಿಲ್ಲಿಸಿದರು. ಪತ್ರಿಕೆಗಳು ನಿಂತುಹೋದವು. ಪಟ್ಟಣವಾಗಲು ಬೇಕಾದ್ದನ್ನೆಲ್ಲ ಕೂಡಿಸಿಕೊಂಡಿದ್ದ ಊರು ಕೆಲವೇ ತಿಂಗಳಲ್ಲಿ ಮತ್ತೆ ಹಳ್ಳಿಯಾಯಿತು. ಪುರಸಭೆ ಬೋಗ್‌ಗೆ ಬಂದು ನಿಕೊಡೆಮಸ್‌ಗೆ ಬಾರದಿದ್ದುದರ ಬೇರು ಇಲ್ಲಿದೆ.

ರೈಲು ದೂರವಾಗಿದ್ದಕ್ಕೆ ಬಣ್ಣವೇ ಕಾರಣವೆಂದು ನೇರವಾಗಿ ಹೇಳಲು ಬರುವುದಿಲ್ಲ. ಬಿಳಿಯರ ಊರುಗಳೂ ಹೀಗೆ ಹಳಿ ತಪ್ಪಿ ಹಾಳಾದದ್ದುಂಟು, ಅವುಗಳಲ್ಲಿ ಹೆಚ್ಚಿನವುಗಳ ಗುರುತೂ ಉಳಿದಿಲ್ಲ. ನಿಕೊಡೆಮಸ್ ಮಾತ್ರ ಅಳಿಯಲಿಲ್ಲ. ಅಂಗಡಿಕಾರರು ಹೋದರು, ಒಕ್ಕಲುಗಳು ಹೋಗಲಿಲ್ಲ. 160 ಎಕರೆಯ ಪತ್ರ ಕೈಯಲ್ಲಿದ್ದವರಿಗೆ ಹೋಗುವ ಅಗತ್ಯವಿರಲಿಲ್ಲ.

ನೆಲ ಕೈಜಾರಿದ ಬಗೆ

ಇಪ್ಪತ್ತನೇ ಶತಮಾನದ ಮೊದಲ ಎರಡು ದಶಕ ಗೋಧಿಗೆ ಒಳ್ಳೆಯ ಬೆಲೆಯಿತ್ತು. 1907ರಲ್ಲಿ ಬ್ಯಾಪ್ಟಿಸ್ಟರು ಹೊಸ ಚರ್ಚು ಕಟ್ಟಿದರು, 1918ರಲ್ಲಿ ಹೊಸ ಶಾಲೆ ಎದ್ದಿತು. ಆಮೇಲೆ ಬೆಲೆ ಬಿತ್ತು. 1930ರ ದಶಕದಲ್ಲಿ ಬರವೂ ಧೂಳಿನ ಬಿರುಗಾಳಿಯೂ ಒಟ್ಟಿಗೆ ಬಂದವು. ಶತಮಾನಗಳಿಂದ ಮಣ್ಣು ಹಿಡಿದಿದ್ದ ಹುಲ್ಲನ್ನು ಕಿತ್ತು ಉತ್ತಿದ್ದ ಬಯಲು ಗಾಳಿಗೆ ಎದ್ದು ಹಗಲನ್ನೇ ಕತ್ತಲು ಮಾಡಿತು. 1935ರಲ್ಲಿ ಊರಿನಲ್ಲಿ ಉಳಿದವರು 76 ಜನ, 1950ರಲ್ಲಿ 16. ಐವತ್ತರ ದಶಕದಲ್ಲಿ ಅಂಚೆಕಚೇರಿ ಮುಚ್ಚಿತು, 1960ರಲ್ಲಿ ಶಾಲೆ.

ಮಕ್ಕಳು ಡೆನ್ವರ್, ಟೊಪೀಕಾ, ಕಾನ್ಸಾಸ್ ಸಿಟಿ, ಕ್ಯಾಲಿಫೋರ್ನಿಯಾ ಎಂದು ಕೆಲಸ ಹುಡುಕಿ ಹೋದರು. ಹಾಗೆ ಹೋದವರಲ್ಲಿ ವೆರಿಲ್ ಸ್ವಿಟ್ಜರ್ ಒಬ್ಬರು. 1932ರಲ್ಲಿ ಇಲ್ಲಿ ಹುಟ್ಟಿ, ಕಾನ್ಸಾಸ್ ಸ್ಟೇಟ್ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿ, 1954ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಮುಂದೆ ಅದೇ ವಿದ್ಯಾಸಂಸ್ಥೆಯಲ್ಲಿ ಅಧಿಕಾರಿಯಾದರು. ಆದರೂ ನಿಕೊಡೆಮಸ್‌ನ ಜಮೀನಿನ ನಂಟು ಬಿಡಲಿಲ್ಲ. 2022ರಲ್ಲಿ ತೀರಿಕೊಂಡರು.

ಎಲ್ಲರಿಗೂ ಹಾಗೆ ಉಳಿಸಿಕೊಳ್ಳಲಾಗಲಿಲ್ಲ. 160 ಎಕರೆ ನಮಗೆ ದೊಡ್ಡ ಹಿಡುವಳಿ ಎನಿಸಬಹುದು; ಮಳೆ ನೆಚ್ಚಿ ಗೋಧಿ ಬೆಳೆಯುವ ಆ ಸೀಮೆಯಲ್ಲಿ ಅದು ಸಣ್ಣದು. ಟ್ರ್ಯಾಕ್ಟರು, ಕಟಾವು ಯಂತ್ರ ಬಂದ ಮೇಲೆ ಇನ್ನೂ ಸಣ್ಣದಾಯಿತು. ಸಾಲ ಬೇಕು, ಬಿತ್ತನೆಗೆ ಮೊದಲೇ ಬೇಕು. ಕಪ್ಪು ರೈತನ ಅರ್ಜಿಗೆ ಸಾಲ ತಡವಾಗಿ ಬರುವುದು, ಕಡಿಮೆ ಬರುವುದು, ಬಾರದೆ ಹೋಗುವುದು ದೇಶದುದ್ದಕ್ಕೂ ನಡೆದ ಕಥೆ. 1920ರಲ್ಲಿ ಅಮೆರಿಕದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಕಪ್ಪು ರೈತರಿದ್ದರು. ಈಗ ಐವತ್ತು ಸಾವಿರದ ಆಸುಪಾಸು. ಕೇಂದ್ರ ಕೃಷಿ ಇಲಾಖೆಯ ಮೇಲೆ ಅವರು ಹೂಡಿದ ದೊಡ್ಡ ಮೊಕದ್ದಮೆಯೊಂದು 1999ರಲ್ಲಿ ರಾಜಿಯಾಗಿ ಪರಿಹಾರ ಸಿಕ್ಕಿತು. ಅಷ್ಟರಲ್ಲಿ ಹೋದ ಜಮೀನು ಹೋಗಿತ್ತು.

ಈಗ ನಿಕೊಡೆಮಸ್ ಸುತ್ತ ಕಾಣುವ ಹೊಲಗಳಲ್ಲಿ ಗೋಧಿಯ ಜೊತೆ ಜೋಳವೂ ಇದೆ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಕಾನ್ಸಾಸ್. ವಿಜಯಪುರ, ಕಲಬುರಗಿಯ ಕಪ್ಪುನೆಲದಲ್ಲಿ ಬೆಳೆಯುವ ಬಿಳಿಜೋಳದ ಬಳಗದ್ದೇ ಅದು. ಆಫ್ರಿಕಾದಲ್ಲಿ ಹುಟ್ಟಿ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂದ ಕಾಳು, ಬಹಳ ತಡವಾಗಿ ಅಮೆರಿಕಕ್ಕೂ ಹೋಯಿತು. ಅಲ್ಲಿ ಅದು ರೊಟ್ಟಿಯಾಗುವುದು ಕಡಿಮೆ. ದನದ ಮೇವಿಗೆ, ಇಂಧನಕ್ಕೆ ಹೋಗುವುದೇ ಹೆಚ್ಚು.

ಐದು ಕಟ್ಟಡ, ಒಂದು ಹಬ್ಬ

ಊರು ಖಾಲಿಯಾಗುತ್ತಿದ್ದ ಕಾಲದಲ್ಲೂ ನಿಲ್ಲದೆ ನಡೆದದ್ದು ವಿಮೋಚನೆಯ ಹಬ್ಬ. ಬ್ರಿಟಿಷರು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಗುಲಾಮಗಿರಿ ರದ್ದುಮಾಡಿದ ಕಾಯ್ದೆ ಜಾರಿಗೆ ಬಂದದ್ದು 1834ರ ಆಗಸ್ಟ್ 1ರಂದು. ಆ ದಿನವನ್ನೇ ಇಲ್ಲಿನವರು ತಮ್ಮ ಹಬ್ಬವಾಗಿ ಮಾಡಿಕೊಂಡರು. ಕುದುರೆ ಪಂದ್ಯ, ಬೇಸ್‌ಬಾಲ್, ಹಾಡು, ಭಾಷಣ, ನೆರೆದವರಿಗೆಲ್ಲ ಊಟ. ಈಗ ಅದು ಜುಲೈ ಕೊನೆಯ ವಾರಾಂತ್ಯಕ್ಕೆ ಸರಿದಿದೆ, ಹೆಸರು ಹೋಮ್‌ಕಮಿಂಗ್ ಎಂದಾಗಿದೆ. ಹದಿನಾಲ್ಕು ಜನರ ಊರಿಗೆ ಆಗ ನೂರಾರು ಮಂದಿ ಬರುತ್ತಾರೆ. ಬೇರೆ ರಾಜ್ಯಗಳಲ್ಲಿ ಹುಟ್ಟಿ ಬೆಳೆದ ನಾಲ್ಕನೇ, ಐದನೇ ತಲೆಮಾರಿನ ಮಕ್ಕಳೂ ತಾವು ನಿಕೊಡೆಮಸ್‌ನವರು ಎಂದೇ ಹೇಳಿಕೊಳ್ಳುತ್ತಾರೆ. ಪುರಸಭೆಯ ದಾಖಲೆ ಕೊಡಲಾರದ ಊರಿನ ಗುರುತನ್ನು ಈ ಹಬ್ಬ ಕಾದುಕೊಂಡು ಬಂದಿದೆ ಎಂದೇ ನನ್ನ ನಂಬಿಕೆ.

ಊರು ಕಟ್ಟಿದವರ ವಂಶಸ್ಥರ ಒತ್ತಾಯದಿಂದಲೇ ಸರ್ಕಾರವೂ ಕಣ್ಣು ತೆರೆಯಿತು. 1976ರಲ್ಲಿ ನಿಕೊಡೆಮಸ್‌ಗೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮಾನ್ಯತೆ ಸಿಕ್ಕಿತು. 1996ರ ನವೆಂಬರ್‌ನಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಗಿ ರಾಷ್ಟ್ರೀಯ ಉದ್ಯಾನ ಸೇವೆಯ ಆಶ್ರಯಕ್ಕೆ ಬಂತು. ಡೆನ್ವರ್‌ನಿಂದ ಕಾನ್ಸಾಸ್ ಸಿಟಿಗೆ 70ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಹೋಗುವ ನಮ್ಮವರು ವಾಕೀನಿಯ ಬಳಿ ಉತ್ತರಕ್ಕೆ ತಿರುಗಿ ಹಿಲ್ ಸಿಟಿಗೆ, ಅಲ್ಲಿಂದ ಪೂರ್ವಕ್ಕೆ ಹೋದರೆ ಇಲ್ಲಿಗೆ ಮುಟ್ಟಬಹುದು.

ತಾಣವೆಂದರೆ ಐದು ಕಟ್ಟಡಗಳು: ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ (ಎಎಂಇ) ಚರ್ಚು, ಫಸ್ಟ್ ಬ್ಯಾಪ್ಟಿಸ್ಟ್ ಚರ್ಚು, ಸೇಂಟ್ ಫ್ರಾನ್ಸಿಸ್ ಹೋಟೆಲು, 1918ರ ಶಾಲೆ, ಟೌನ್‌ಶಿಪ್ ಸಭಾಭವನ. ಈ ಸಭಾಭವನವನ್ನು 1939ರಲ್ಲಿ, ಮಹಾ ಆರ್ಥಿಕ ಕುಸಿತದ ಕಾಲದ ಸರ್ಕಾರಿ ಉದ್ಯೋಗ ಯೋಜನೆಯಡಿ ಸ್ಥಳೀಯ ಸುಣ್ಣಕಲ್ಲಿನಿಂದ ಕಟ್ಟಿದರು. ಬೆಳೆ ಕಳೆದುಕೊಂಡಿದ್ದ ಕಾಲಕ್ಕೆ ಅದು ಕೂಲಿ ಕೊಟ್ಟಿತು; ಮುಂದೆ ಮದುವೆ, ಕುಣಿತ, ಸಭೆ ಎಲ್ಲವೂ ಅಲ್ಲೇ. ಪ್ರವಾಸಿಗರು ಮೊದಲು ಹೋಗುವುದು ಅಲ್ಲಿಗೆ.

ದೇಶದ ಸ್ಮಾರಕವಾದರೂ ಇವೆಲ್ಲ ಸರ್ಕಾರದ ಸ್ವತ್ತಾಗಿಲ್ಲ. ಉದ್ಯಾನ ಸೇವೆಯ ಒಡೆತನದಲ್ಲಿರುವುದು ಎಎಂಇ ಚರ್ಚು ಒಂದೇ. ಸಭಾಭವನ ಟೌನ್‌ಶಿಪ್ಪಿನದು, ಸರ್ಕಾರ ಅದನ್ನು ಬಳಸುವುದು ಬಾಡಿಗೆಗೆ. ಉಳಿದ ಮೂರು ಇಂದಿಗೂ ಊರಿನ ಕುಟುಂಬಗಳ, ಸಂಘಗಳ ಕೈಯಲ್ಲಿವೆ. ಬಂದವರು ಅವನ್ನು ಹೊರಗಿನಿಂದ ನೋಡಬಹುದು. ಒಳಗೆ ಹೋಗಬೇಕಾದರೆ ಮಾಲೀಕರನ್ನು ಕೇಳಬೇಕು.